ಸಿದ್ರಾಮಣ್ಣ ಬಿಟ್ಟುಹೋದ ಚಾವಿ

ನಿನ್ನೆ ಬೆಳಿಗ್ಗೆ ಶಿರವಾಳದ ಒಂದು ಸಾವಿನ ಮನೆಗೆ ಹೊರಡಬೇಕಿತ್ತು. ಸ್ವರಮಂಡಲದ ಪೆಟ್ಟಿಗೆಯ ಮುಚ್ಚಳ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಎಂದಿನಂತೆ ಮೂಗಿಗೆ ಬಡಿಯಿತು. ವಾದ್ಯ ಇದ್ದಲ್ಲೇ ಇತ್ತು, ಅದರ ಮೇಲೆ ಹೊದಿಸಿದ ನನ್ನ ಹಳೆಯ ಧೋತರದ ತುಂಡೂ ಇತ್ತು. ಆದರೆ ತಂತಿ ತಿರುವುವ ಚಾವಿ ಮಾತ್ರ ಬಲಗಡೆಯ ಖಾನೆಯಲ್ಲಿತ್ತು.

ಇದೂ ಒಂದು ಹೇಳುವ ಸಂಗತಿಯೇ ಎಂದು ನಿಮಗೆ ಅನ್ನಿಸಬಹುದು. ನಾನು ಎಡಚ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬರೆದದ್ದಕ್ಕೆ ಮಾಸ್ತರರಿಂದ ಹೊಡೆತ ತಿಂದು, ಮುಂದೆ ನಾನೇ ಹಿಂದಿ ಮಾಸ್ತರನಾಗಿ, ನಿವೃತ್ತನೂ ಆಗಿ, ಇವತ್ತಿಗೂ ಎಡಗೈ ಬಿಟ್ಟಿಲ್ಲ. ಚಾವಿ ಯಾವಾಗಲೂ ಎಡಗಡೆಯ ಖಾನೆಯಲ್ಲೇ ಇಡುತ್ತೇನೆ. ಕಳೆದ ವಾರ ರಂಗಂಪೇಟೆಯಲ್ಲಿ ಒಬ್ಬರ ಮಣ್ಣಿಗೆ ಹೋಗಿ ಭಜನೆ ಮುಗಿಸಿ ಬಂದ ಮೇಲೆ ಈ ಪೆಟ್ಟಿಗೆಯನ್ನು ತೆಗೆದೇ ಇರಲಿಲ್ಲ. ಅಂದರೆ ಅಲ್ಲಿ ಯಾರೋ ಬಲಗೈಯವರು ನನ್ನ ಚಾವಿ ತೆಗೆದುಕೊಂಡು, ಏನೋ ಮಾಡಿ, ವಾಪಸ್ ಇಟ್ಟಿದ್ದಾರೆ. ನಾನು ಪೆಟ್ಟಿಗೆಯ ಎದುರಿಗೇ ಕೂತುಬಿಟ್ಟೆ. ಕಾರಣ ಹೇಳಬೇಕಾದರೆ ಸಿದ್ರಾಮಣ್ಣನ ಕಥೆ ಹೇಳಬೇಕು, ಅದನ್ನು ಹೇಳುವುದು ನನಗೆ ಅಷ್ಟು ಸುಖದ ಕೆಲಸವಲ್ಲ.

ಮೊದಲು ವಾದ್ಯದ ವಿಷಯ. ಸ್ವರಮಂಡಲ ನೋಡದವರಿಗಾಗಿ ಹೇಳುತ್ತೇನೆ: ತೊಡೆಯ ಮೇಲೆ ಇಟ್ಟುಕೊಳ್ಳುವ ಚಪ್ಪಟೆ ಮರದ ಪೆಟ್ಟಿಗೆ, ಅದರ ಮೇಲೆ ಮೂವತ್ತಾರು ತಂತಿ, ತಂತಿಗೊಂದು ಮೊಳೆ. ಚಾವಿಯಿಂದ ಮೊಳೆ ತಿರುವಿ ತಿರುವಿ ಒಂದೊಂದೇ ತಂತಿಯನ್ನು ಶ್ರುತಿಗೆ ತರಬೇಕು. ಆಮೇಲೆ ಬೆರಳು ಆಡಿಸಿದರೆ ಸಾಕು, ಝಲ್ಲೆಂದು ನುಡಿಯುತ್ತದೆ. ಹಾಡುವವರ ಹಿಂದೆ ಒಂದು ಸ್ವರದ ಪರದೆ ಕಟ್ಟುವುದಷ್ಟೇ ಅದರ ಕೆಲಸ. ದೊಡ್ಡ ಗಾಯಕರ ಎದೆಗೆ ಒರಗಿದಾಗ ಅದು ರಾಜನ ಹಾಗೆ ಕಾಣುತ್ತದೆ. ನನ್ನ ತೊಡೆಯ ಮೇಲೆ ಇದ್ದಾಗ ಸುರಪುರದ ಬಸ್ಸಿನಲ್ಲಿ ಒಬ್ಬ ಮುದುಕಿ ಬಗ್ಗಿ ನೋಡಿ, "ಶಾವಿಗಿ ಮಣಿ ಏನ್ರಿ ಅದು? ತಂತೀದು ಈಗ ಬಂದಾವೇನು?" ಎಂದು ಕೇಳಿದ್ದಳು. ಶಾವಿಗೆ ಹೊಸೆಯುವ ಮಣೆ ಎಂದು ತಿಳಿದಿದ್ದಳು. ಅಲ್ಲಿಂದ ನಮ್ಮ ಭಜನಾ ಮೇಳದಲ್ಲಿ ಅದಕ್ಕೆ ಶಾವಿಗಿ ಮಣಿ ಎಂದೇ ಹೆಸರಾಯಿತು.

ಆ ಮಣೆಯನ್ನು ನಮ್ಮ ಕಡೆಗೆ ತಂದವನು ಸಿದ್ರಾಮಣ್ಣ. ರಂಗಂಪೇಟೆಯಲ್ಲಿ ಅವನದು ಸೈಕಲ್ ರಿಪೇರಿ ಅಂಗಡಿ. ಸೈಕಲ್ ಸಾಮಾನು ತರಲು ಸೊಲ್ಲಾಪುರಕ್ಕೆ ಹೋದವನು ಟೈರು ಟ್ಯೂಬುಗಳ ನಡುವೆ ಹಳೆಯ ಸ್ವರಮಂಡಲವೊಂದನ್ನು ಇಟ್ಟುಕೊಂಡು ಬಂದ. ಮರುವರ್ಷ ನನಗೂ ಒಂದು ತಂದುಕೊಟ್ಟ. ಅಂಗಡಿಯವನು ಕೊಟ್ಟ ಚಾವಿ ಮೆತ್ತಗಿದೆ ಎಂದು ಬ್ರೇಕಿನ ಕಡ್ಡಿಯನ್ನು ಕಾಯಿಸಿ ಬಡಿದು ತನಗೊಂದು ಗಟ್ಟಿ ಚಾವಿ ತಾನೇ ಮಾಡಿಕೊಂಡ.

ಅವನ ಕಿವಿ ಎಂಥದಿತ್ತು ಎಂಬುದನ್ನು ನೀವು ಅಂಗಡಿಯಲ್ಲಿ ನೋಡಬೇಕಿತ್ತು. ಗಾಲಿಯ ಔಟ್, ಅಂದರೆ ಸೊಟ್ಟ, ತೆಗೆಯುವಾಗ ಬೇರೆಯವರು ಗಾಲಿ ತಿರುಗಿಸಿ ಕಣ್ಣಿಟ್ಟು ನೋಡುತ್ತಾರೆ. ಸಿದ್ರಾಮಣ್ಣ ಕಡ್ಡಿಗಳನ್ನು ಉಗುರಿನಿಂದ ಒಂದೊಂದಾಗಿ ಮೀಟುತ್ತಿದ್ದ. ಟಿಣ್, ಟಿಣ್, ಟಿಣ್, ಟಣ್. "ಇಲ್ಲಿ ಸಡ್ಲ ಆಗ್ಯಾದ ನೋಡ್ರಿ ಮಾಸ್ತರ್," ಎಂದು ಅಲ್ಲಿ ಬಿಗಿಯುತ್ತಿದ್ದ. ಗಾಲಿ ನೂಲು ಹಿಡಿದಂತೆ ಓಡುತ್ತಿತ್ತು. ಅದೂ ಒಂದೇ ಕಿವಿಯಿಂದ. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಿವಿ ಹೋಗಿತ್ತು. ಇದ್ದದ್ದು ಬಲಗಿವಿ ಒಂದೇ.

ನಮ್ಮ ಸಾಧನೆಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಯಾದಗಿರಿ ಸೀಮೆಯ ಬಿಸಿಲಿಗೆ ತಂತಿ ನಿಲ್ಲುವುದಿಲ್ಲ. ಅವನ ಅಂಗಡಿಯಲ್ಲಿ ಇಬ್ಬರೂ ಎದುರುಬದುರು ಕೂತು ಶ್ರುತಿ ಮಾಡಲು ಹತ್ತಿದರೆ, ಮೂವತ್ತಾರನೆಯ ತಂತಿಗೆ ಬರುವಷ್ಟರಲ್ಲಿ ಮೊದಲನೆಯದು ಜಾರಿರುತ್ತಿತ್ತು. ಅದನ್ನು ಸರಿಮಾಡಿದರೆ ಎರಡನೆಯದು. ಅವನ ಹೆಂಡತಿ ನೀಲಮ್ಮ ಚಹಾ ತಂದು ಇಡುತ್ತ, "ಮುಂಜಾನಿಂದ ಬರೇ ಒಲಿ ಹಚ್ಚಾಕತ್ತೀರಿ, ಅಡಗಿ ಯಾವಾಗ ಮಾಡಾವ್ರು?" ಎನ್ನುತ್ತಿದ್ದಳು. ಅಡುಗೆಗೆ ನಮ್ಮ ಹತ್ತಿರ ಇದ್ದದ್ದೂ ಐದಾರು ತತ್ವಪದ ಮಾತ್ರ.

ಆ ಐದಾರು ಪದಕ್ಕೂ ಕೇಳುವವರು ಬೇಕಲ್ಲ. ಮದುವೆಗೆ ಡಿಜೆ ಬಂತು. ಜಾತ್ರೆಯಲ್ಲಿ ಮೈಕಿನವರು ನಮ್ಮನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಮ್ಮನ್ನು ಮರೆಯದೆ ಕರೆಯುತ್ತಿದ್ದವರು ಸಾವಿನ ಮನೆಯವರು ಮಾತ್ರ. ನಮ್ಮ ಕಡೆ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವವರೆಗೆ ಎದುರಿಗೆ ಭಜನೆ ನಡೆಯಬೇಕು. ಹಾಗಾಗಿ ಶಹಾಪುರದಿಂದ ಸುರಪುರದವರೆಗೆ ನಾವು ಯಾರ ಎದುರಿಗೆ ಬಾರಿಸಿದ್ದೇವೋ ಅವರೆಲ್ಲ ಹಾರ ಹಾಕಿಕೊಂಡು, ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು, ನೆಟ್ಟಗೆ ಕೂತು ಕೇಳಿದವರೇ. "ನಮ್ಮ ಬಾಜಾ ಕೇಳಿ ಎದ್ದು ಹೋಗಲಾರದಾವ ಇವನೊಬ್ನs ನೋಡ್ರಿ," ಎಂದು ಸಿದ್ರಾಮಣ್ಣ ಒಮ್ಮೆ ಹೆಣದ ಎದುರಿಗೇ ಪಿಸುಗುಟ್ಟಿದ. ನಗು ತಡೆಯಲಾರದೆ ನಾನು ಮುಖಕ್ಕೆ ವಸ್ತ್ರ ಮುಚ್ಚಿಕೊಂಡೆ. ಮಾಸ್ತರರು ಎಷ್ಟು ಅಳುತ್ತಾರೆ ಎಂದು ಆ ಮನೆಯವರೇ ನನ್ನ ಬೆನ್ನು ಸವರಿದರು.

ಇನ್ನೊಮ್ಮೆ ಶಾಲೆಯ ಪುಸ್ತಕದಲ್ಲಿ ದೇವದೂತರು ಹಾರ್ಪ್ ಬಾರಿಸುವ ಚಿತ್ರ ತೋರಿಸಿ, ಇದು ನಮ್ಮ ಮಣೆಯ ದೊಡ್ಡಪ್ಪನ ಮಗ ಎಂದು ಹೇಳಿದೆ. ಸಿದ್ರಾಮಣ್ಣ ಬಹಳ ಹೊತ್ತು ನೋಡಿದ. "ಅಲ್ಲಿ ಬಾರಿಸಾವ್ರಿಗಿ ರೆಕ್ಕಿ ಕೊಟ್ಟಾರ. ನಮಗ ಬಸ್ಸಿನಾಗ ಸೀಟೂ ಕೊಡಲ್ಲ," ಎಂದ.

ಇಷ್ಟು ನಗುವವನಿಗೆ ಒಂದು ವಿಷಯದಲ್ಲಿ ಮಾತ್ರ ಮೂಗಿನ ತುದಿಯಲ್ಲಿ ಸಿಟ್ಟು. ಶಹಾಪುರದಲ್ಲೊಂದು ಭಜನೆಯಲ್ಲಿ ಆಗಿನ ಹಾರ್ಮೋನಿಯಂನವರು ಎಲ್ಲರೆದುರಿಗೆ, "ಏ ಸಿದ್ರಾಮಾ, ನಿನ್ನ ತಂತಿ ಸುಳ್ಳು ನುಡ್ಯಾಕತ್ಯಾವ," ಎಂದುಬಿಟ್ಟರು. ಬಿಸಿಲಿಗೆ ಎರಡು ತಂತಿ ಜಾರಿದ್ದವು, ಅಷ್ಟೇ. ಸಿದ್ರಾಮಣ್ಣ ಸ್ವರಮಂಡಲ ಪೆಟ್ಟಿಗೆಗೆ ಹಾಕಿ ಎದ್ದವನು ನಾಲ್ಕು ತಿಂಗಳು ಮೇಳದ ಕಡೆ ಸುಳಿಯಲಿಲ್ಲ. ಕೊನೆಗೆ ನಾನು, ನಮ್ಮ ತಬಲಾ ಬಾರಿಸುವ ದರ್ಜಿ ಮಹಿಬೂಬ ಇಬ್ಬರೂ ಹೋಗಿ ಕೈಕಾಲು ಹಿಡಿದು ಕರೆತಂದೆವು. ಆ ನಾಲ್ಕು ತಿಂಗಳು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ನಾನು ಮಾಡಿದ ತಪ್ಪಿಗೆ ಅದೇ ನೆಪ.

ಕೆಲವು ವರ್ಷ ಕಳೆದ ಮೇಲೆ ಅವನ ಬಲಗಿವಿಯಲ್ಲಿ ಅರಳೆ ಕಾಣಿಸಿಕೊಂಡಿತು. ಕಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಳ್ಳುತ್ತಿದ್ದ. ಅವನ ಪಕ್ಕ ಕೂತರೆ ಒಗ್ಗರಣೆಯ ವಾಸನೆ ಬರುತ್ತಿತ್ತು, ನಾವು ಅದಕ್ಕೂ ನಕ್ಕೆವು. ಒಂದು ದಿನ ಅಂಗಡಿಯಲ್ಲಿ ಶ್ರುತಿ ಮಾಡಿ ಮುಗಿಸಿ, "ಹ್ಞಾಂ, ಈಗ ಬರ್ರಿ," ಎಂದು ಬೆರಳು ಆಡಿಸಿದ. ಕೆಳಗಿನ ದಪ್ಪ ತಂತಿಗಳು ಸರಿಯಾಗಿದ್ದವು. ಮೇಲಿನ ಎಂಟು ಸಣ್ಣ ತಂತಿಗಳು ಏರಿ ಏರಿ ಎಲ್ಲಿಗೋ ಹೋಗಿದ್ದವು. ನಾನು ಅವನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿ ಸುಖಪಡುತ್ತಿದ್ದ.

ನಾನು ಹೇಳಲಿಲ್ಲ. ಅವತ್ತು ಮಧ್ಯಾಹ್ನ ಸಾವಿನ ಮನೆಗೆ ಹೋದೆವು. ಅಲ್ಲಿ ಸಿದ್ರಾಮಣ್ಣ ಮೊದಲು ಒಳಗೆ ಹೋಗಿ ಸತ್ತವರಿಗೆ ಹಾರ ಹಾಕಿ, ಮನೆಯವರ ಹತ್ತಿರ ನಾಲ್ಕು ಮಾತಾಡಿ ಬರುವುದು ರೂಢಿ. ಅಷ್ಟರಲ್ಲಿ ನಾನು ಅವನ ಸ್ವರಮಂಡಲ ತೊಡೆಗೆ ಎಳೆದುಕೊಂಡು, ನನ್ನ ಚಾವಿಯಿಂದ ಆ ಎಂಟು ತಂತಿಗಳನ್ನು ಇಳಿಸಿದೆ. ಮಹಿಬೂಬ ನೋಡಿದ. ತಬಲಾದ ಸುತ್ತಿಗೆ ತೆಗೆದುಕೊಂಡು ಟಕ್ ಟಕ್ ಎಂದು ಜೋರಾಗಿ ಬಡಿಯಲು ಹತ್ತಿದ. ನಾನು ತಂತಿ ಮೀಟುವ ಸದ್ದು ಅದರಲ್ಲಿ ಮುಚ್ಚಿಹೋಯಿತು. ಸಿದ್ರಾಮಣ್ಣ ಬಂದು ಕೂತು ಬೆರಳು ಆಡಿಸಿ ತಲೆದೂಗಿದ. ನಾನೂ ಮಹಿಬೂಬನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಳ್ಳತನ ಮಾಡಿ ಸಿಕ್ಕದೆ ಉಳಿದವರ ಖುಷಿ ನಮ್ಮದು. ಪುಣ್ಯದ ಕೆಲಸ ಮಾಡಿದೆವು ಎಂದೂ ಅಂದುಕೊಂಡೆವು, ಸುಳ್ಳೇಕೆ ಹೇಳಲಿ.

ಹೀಗೆ ಎರಡು ವರ್ಷ ನಡೆಯಿತು. ಎಂಟು ತಂತಿ ಹನ್ನೆರಡಾಯಿತು, ಹನ್ನೆರಡು ಇಪ್ಪತ್ತಾಯಿತು. ಮಹಿಬೂಬ ಬಡಿದೂ ಬಡಿದೂ ಒಂದು ತಬಲಾದ ಚರ್ಮವನ್ನೇ ಹರಿದ. ಅತ್ತ ಅಂಗಡಿಯಲ್ಲಿ ಔಟ್ ತೆಗೆದ ಗಾಲಿಗಳು ಓಲಾಡುತ್ತ ವಾಪಸ್ ಬರಲು ಶುರುವಾದವು. "ಈಗಿನ ಕಡ್ಡೀನs ಖರಾಬ್ ಬರ್ತಾವ," ಎಂದು ಸಿದ್ರಾಮಣ್ಣ ಬೈಯುತ್ತಿದ್ದ.

ಒಂದು ದಿನ ನೀಲಮ್ಮ ನಮ್ಮ ಮನೆಗೇ ಬಂದಳು. ಬಾಗಿಲಲ್ಲೇ ನಿಂತಳು. "ಮಾಸ್ತರ್ರ, ಕೂಗಿ ಕರದ್ರೂ ಹೊಳ್ಳಿ ನೋಡಲ್ರಿ ಅವ್ರು. ಕಲಬುರಗಿ ದವಾಖಾನಿಗಿ ಹೋಗಾಮು ನಡೀರಿ ಅಂದ್ರ, ಕಿವಿ ಕೆಟ್ಟಿದ್ರ ನಾ ಹಚ್ಚಿದ ತಂತಿ ಶ್ರುತಿಗಿ ಬರ್ತಿದ್ವೇನು, ಬೇಕಾದ್ರ ಮಾಸ್ತರ್ರಿಗಿ ಕೇಳು ಅಂತಾರ. ಅದಕ್ಕ ಬಂದೀನಿ. ತಂತಿ ಬರೋಬ್ಬರಿ ಅದಾವೇನ್ರಿ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಆ ನಾಲ್ಕು ತಿಂಗಳು ನೆನಪಾಯಿತು. ಅವನಿಲ್ಲದೆ ಒಬ್ಬನೇ ಮಣೆ ಹಿಡಿದು ಕೂತ ಭಜನೆಗಳು ನೆನಪಾದವು. "ಬರೋಬ್ಬರಿ ಅದಾವ್ರಿ ಅಕ್ಕಾರ," ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾದ್ರ ಫಿಕರ್ ಇಲ್ಲ ಬಿಡ್ರಿ," ಎಂದು ಹೋದಳು. ಬದುಕಿನಲ್ಲಿ ಸಾಕಷ್ಟು ಸುಳ್ಳು ಹೇಳಿದ್ದೇನೆ. ಅವುಗಳಲ್ಲಿ ಒಂದನ್ನು ವಾಪಸ್ ತೆಗೆದುಕೊಳ್ಳಬಹುದು ಎಂದು ಯಾರಾದರೂ ಅಂದರೆ ಈ ಮೂರು ಮಾತನ್ನೇ ಕೇಳುತ್ತೇನೆ.

ವನದುರ್ಗದಲ್ಲಿ ಒಬ್ಬ ಸಣ್ಣ ವಯಸ್ಸಿನ ಸೊಸೆ ತೀರಿಕೊಂಡಳು. ನನಗೆ ಜ್ವರ, ಮೇಳ ನನ್ನನ್ನು ಬಿಟ್ಟು ಹೋಯಿತು. ಅಲ್ಲಿ ನಡೆದದ್ದನ್ನು ಆಮೇಲೆ ಮಹಿಬೂಬ ಹೇಳಿದ. ಅವನಿಗೆ ತಂತಿ ತಿರುವಲು ಆಗ ಬರುತ್ತಿರಲಿಲ್ಲ. ಸಿದ್ರಾಮಣ್ಣ ತಾನು ಹಚ್ಚಿದ ಶ್ರುತಿಯಲ್ಲೇ ಬಾರಿಸಲು ಹತ್ತಿದ. ಮೂವತ್ತಾರು ತಂತಿ ಮೂವತ್ತಾರು ದಿಕ್ಕಿಗೆ. ಹಾಡುವವರು ಪದ ಬಿಟ್ಟು ನಿಂತರು. ಹೊಸ್ತಿಲ ಹತ್ತಿರ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ಸತ್ತವಳ ತಾಯಿ ಎದ್ದು ಬಂದು, "ಯಪ್ಪಾ, ನಿನ್ನ ಕಾಲ ಬೀಳ್ತೀನಿ, ಅದನ್ನ ನಿಂದ್ರಸು," ಎಂದು ಕೈಮುಗಿದಳು. ಸಿದ್ರಾಮಣ್ಣ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ. ಮಹಿಬೂಬ ತಂತಿಗಳ ಮೇಲೆ ಅಂಗೈ ಇಟ್ಟ. ಆಗ ಕಣ್ಣು ತೆರೆದು ನೋಡಿದರೆ ಎದುರಿಗೆ ಹೆಣದ ತಾಯಿ ಕೈಮುಗಿದು ನಿಂತಿದ್ದಾಳೆ.

ಮರುದಿನವೇ ನೀಲಮ್ಮ ಅವನನ್ನು ಕಲಬುರಗಿಗೆ ಕರೆದುಕೊಂಡು ಹೋದಳು. ಕೀವು ಒಳಗಿನ ಎಲುಬನ್ನೇ ತಿಂದಿದೆ, ಎರಡು ವರ್ಷ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದರಂತೆ ಡಾಕ್ಟರು.

ಎರಡು ದಿನ ಬಿಟ್ಟು ಸಿದ್ರಾಮಣ್ಣ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕೂತ. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತ್ರ ಅವನಿಗೆ ಸ್ವಲ್ಪ ಕೇಳುತ್ತಿತ್ತು.

"ನೀವು ತಿರುವ್ತಿದ್ರೇನು?" ಎಂದ.

ಹೌದು ಎಂದು ತಲೆಯಾಡಿಸಿದೆ.

"ಬಾಯಿಲೆ ಹೇಳ್ರಿ."

"ಹೌದು!" ಎಂದು ಕೂಗಿದೆ.

"ಎಷ್ಟು ದಿನ?"

"ಎರಡು ವರ್ಷ!"

"ಎಷ್ಟು?"

"ಎರಡು ವರ್ಷ, ಸಿದ್ರಾಮಣ್ಣ! ಎರಡು ವರ್ಷ!"

ಓಣಿಯ ಜನ ಹೊರಗೆ ಬಂದು ನಿಂತರು. ಎದುರು ಮನೆಯವರು ಜಗಳವೇನೋ ಎಂದು ಗೇಟು ತೆಗೆದರು. ಜನ ತಪ್ಪೊಪ್ಪಿಗೆಯನ್ನು ಮೆಲ್ಲಗೆ ಹೇಳುತ್ತಾರೆ. ನನ್ನದನ್ನು ನಾನು ಇಡೀ ಓಣಿಗೆ ಕೇಳುವಂತೆ, ಮೂರು ಮೂರು ಸಲ ಕೂಗಿ ಹೇಳಬೇಕಾಯಿತು. ಆದರೂ ಅವನಿಗೆ ಪೂರ್ತಿ ಕೇಳಿಸಿತೋ ಇಲ್ಲವೋ.

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಕಿವಿ ಸೋರ್ತದ ಅಂತ ನನಗೂ ಗೊತ್ತಿತ್ತಲ್ರಿ ಮಾಸ್ತರ್. ಅಂಜಿಕಿ ಬಂದಾಗೊಮ್ಮೆ ಮಣಿ ಮೀಟಿ ನೋಡ್ತಿದ್ದೆ. ಅದು ಶ್ರುತಿಗಿ ಕೂಡ್ತಿತ್ತು. ಕೂಡ್ಯಾದಲ್ಲ, ಹಂಗಾದ್ರ ಕಿವಿ ಚಲೋ ಅದ ಅಂತ ಸುಮ್ಮ ಆಗ್ತಿದ್ದೆ," ಎಂದ. ಕಿವಿಯ ಅರಳೆ ಸರಿಮಾಡಿಕೊಂಡು, "ತಂತಿ ಸುಳ್ಳು ಆಗ್ಯಾವ ಅಂತ ಅಂದಿದ್ರ ನಾಕ ತಿಂಗ್ಳು ಸಿಟ್ಟಾಗ್ತಿದ್ದೆ. ಆಮ್ಯಾಲ ದವಾಖಾನಿಗಿ ಹೋಗ್ತಿದ್ದೆ," ಎಂದ.

ಏಳುವಾಗ ಜೇಬಿನಿಂದ ಬ್ರೇಕಿನ ಕಡ್ಡಿಯ ಚಾವಿ ತೆಗೆದು ನನ್ನ ಎಡಗೈಯಲ್ಲಿ ಇಟ್ಟ. "ಇಟ್ಕೋರಿ. ನನ್ನ ಕಿಸೇದಾಗ ಇದ್ದಾಗೂ ಇದು ನಿಮ್ಮ ಕೈಯಾಗs ಇತ್ತು."

ಆಮೇಲೆ ಅವನು ಮೂರು ವರ್ಷ ಬದುಕಿದ. ಗಾಲಿಯ ಔಟನ್ನು ಕಣ್ಣಿನಿಂದ ತೆಗೆಯುವುದನ್ನು ಆ ವಯಸ್ಸಿನಲ್ಲಿ ಕಲಿತ. ನಾನು ಅಂಗಡಿಗೆ ಹೋಗಿ ಕೂರುತ್ತಿದ್ದೆ. ಅವನು ಚಹಾ ತರಿಸುತ್ತಿದ್ದ, ಇಬ್ಬರೂ ರಸ್ತೆ ನೋಡುತ್ತ ಕುಡಿಯುತ್ತಿದ್ದೆವು. ಒಮ್ಮೊಮ್ಮೆ ಅವನ ಉಗುರು ತಾನಾಗಿಯೇ ಕಡ್ಡಿಗಳನ್ನು ಮೀಟಿಕೊಂಡು ಹೋಗುತ್ತಿತ್ತು. ಎಲ್ಲಿ ಸಡಿಲಿದೆ ಎಂದು ನನಗೆ ಕೇಳುತ್ತಿತ್ತು, ಅವನಿಗೆ ಕೇಳುತ್ತಿರಲಿಲ್ಲ. ಆಗ ಮಾತ್ರ ಕೈ ಹಿಡಿದು ತೋರಿಸಿಬಿಡುತ್ತಿದ್ದೆ. ತಡವಾಗಿ ಕಲಿತದ್ದು ಅವನೊಬ್ಬನೇ ಅಲ್ಲ.

ಹೋದ ವರ್ಷ ಅವನನ್ನೂ ಗೋಡೆಗೆ ಆನಿಸಿ ಕೂಡಿಸಿದರು. ನಾನು ಅವನೆದುರಿಗೆ ಮಣೆ ಹಿಡಿದು ಕೂತೆ. ಅವನದೇ ಚಾವಿಯಿಂದ ಮೂವತ್ತಾರೂ ತಂತಿ ಹಚ್ಚಿದೆ. ಬೆರಳು ಇಡಬೇಕು ಅನ್ನುವಾಗ, ಹೆಣದ ಪಕ್ಕ ಕೂತಿದ್ದ ನೀಲಮ್ಮ ತಲೆ ಎತ್ತಿ, "ತಂತಿ ಬರೋಬ್ಬರಿ ಅದಾವೇನ್ರಿ ಮಾಸ್ತರ್ರ?" ಎಂದು ಕೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ, ಬರೀ ಪ್ರಶ್ನೆ. "ಅದಾವ್ರಿ ಅಕ್ಕಾರ," ಎಂದೆ. ಅವಳು ನನ್ನನ್ನು ಬಿಟ್ಟು ಮಹಿಬೂಬನ ಕಡೆ ನೋಡಿದಳು. ಅವನು ಹೌದೆಂದ ಮೇಲೆ ತಲೆ ತಗ್ಗಿಸಿದಳು.

ಈಗ ನಿಮಗೆ ನಿನ್ನೆಯ ಚಾವಿಯ ಅರ್ಥವಾಗಿರಬೇಕು. ಶಿರವಾಳಕ್ಕೆ ಹೋಗುವ ದಾರಿಯುದ್ದಕ್ಕೂ ಹಿಂದಿನದನ್ನು ನೆನಪು ಮಾಡಿಕೊಂಡೆ. ಈಚೆಗೆ ಎಲ್ಲೇ ಹೋದರೂ ಮಹಿಬೂಬ ನನ್ನನ್ನು, "ನೀವು ಹಾರ ಹಾಕಿ ಬರ್ರಿ ಮಾಸ್ತರ್, ಮಣಿ ನಾ ನೋಡ್ಕೋತೀನಿ," ಎಂದು ಒಳಗೆ ಕಳಿಸುತ್ತಿದ್ದ. ಅವನಿಗೆ ತಂತಿ ತಿರುವಲು ಕಲಿಸಿದವನೂ ನಾನೇ, ವನದುರ್ಗದ ಘಟನೆ ಆದ ಮೇಲೆ. ಸಾವಿನ ಮನೆಯ ಅಂಗಳದಲ್ಲಿ ಕಂಬಳಿ ಹಾಸಿದ್ದರು. ಹಾರ ಹಾಕಲು ಒಳಗೆ ಹೋದವನು ಹೊಸ್ತಿಲಿಂದಲೇ ವಾಪಸ್ ಬಂದೆ. ಮಹಿಬೂಬ ನನ್ನ ಚಾವಿ, ಸಿದ್ರಾಮಣ್ಣ ಕೊಟ್ಟದ್ದೇ, ಹಿಡಿದಿದ್ದ. ಪಕ್ಕದಲ್ಲಿ ಹೊಸ ಹಾರ್ಮೋನಿಯಂನವರು ಭುಸ್ ಭುಸ್ ಎಂದು ಸುಮ್ಮನೆ ಗಾಳಿ ಹಾಕಿ ಸದ್ದು ಮಾಡುತ್ತಿದ್ದರು. ನನ್ನನ್ನು ನೋಡಿದ್ದೇ ಅದೂ ನಿಂತಿತು.

"ಎಷ್ಟು ದಿನ ಆತು?" ಎಂದೆ.

"ಉಗಾದಿಲಿಂದ್ರಿ," ಎಂದ ಮಹಿಬೂಬ. ಅವನ ಕಣ್ಣಲ್ಲಿ ನೀರಿತ್ತು. "ಹ್ಯಾಂಗ್ ಹೇಳ್ಬೇಕೋ ತಿಳೀಲಿಲ್ರಿ ಮಾಸ್ತರ್."

ನನಗೆ ಬಂದ ಸಿಟ್ಟು ಎಂಥದೆಂದರೆ, ಮಣೆಯನ್ನು ಅಲ್ಲೇ ಒಡೆದು ಎದ್ದು ಹೋಗಬೇಕು ಅನ್ನಿಸಿತು. ಸಿದ್ರಾಮಣ್ಣನ ಆ ನಾಲ್ಕು ತಿಂಗಳ ಸಿಟ್ಟು ಏನೆಂದು ನಿನ್ನೆ ತಿಳಿಯಿತು. ಆದರೂ ಕಂಬಳಿಯ ಮೇಲೆ ಕೂತೆ. "ಈಗ ಎಲ್ಲರೆದುರಿಗೆ ತಿರುವು," ಎಂದೆ.

ಅವನು ಮೇಲಿನ ತಂತಿ ಮೀಟಿದ. ಚಾವಿ ಮೊಳೆಗೆ ಇಟ್ಟ. ಮತ್ತೆ ಮೀಟಿದ. ನಾನು ಕಣ್ಣು ಮುಚ್ಚಿ ಕೇಳಿದೆ. ಸಣ್ಣಗೆ, ಸ್ವಚ್ಛವಾಗಿ ಕೇಳಿಸಿತು.

"ಹ್ಞಾಂ, ಈಗ ಕೂಡ್ತು," ಎಂದೆ.

ಮಹಿಬೂಬ ಚಾವಿಯನ್ನು ಮೊಳೆಯಿಂದ ತೆಗೆದ.

"ನಾ ಇನ್ನಾ ಚಾವಿ ತಿರುವಿಲ್ರಿ ಮಾಸ್ತರ್," ಎಂದ ಮಹಿಬೂಬ.

ನಿನ್ನೆಯಿಂದ ಅವನ ಹತ್ತಿರ ಮಾತು ಬಿಟ್ಟಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ ಎಂದು ಕಾಯುವುದೂ ಇಲ್ಲ. ಇವತ್ತು ಬೆಳಿಗ್ಗೆ ಕಲಬುರಗಿ ದವಾಖಾನೆಗೆಂದು ಬಸ್ಸಿಗೆ ನಿಂತಾಗ ಮಹಿಬೂಬ ತನ್ನ ದರ್ಜಿ ಅಂಗಡಿಯ ಬಾಗಿಲು ಹಾಕಿ ಬಂದು ನನ್ನ ಪಕ್ಕ ನಿಂತ. ನಾನು ಮುಖ ತಿರುಗಿಸಿದೆ. ಬಸ್ಸು ಬಂತು, ಅವನೂ ಹತ್ತಿದ, ಬೇರೆ ಸೀಟು ಖಾಲಿಯಿದ್ದರೂ ನನ್ನ ಬಲಗಡೆಗೇ ಕೂತ.